ಉದ್ಯೋಗ ಪುಟದಲ್ಲಿ ಕಾಸರಗೋಡಿಗೂ ಸ್ವಲ್ಪ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಉದ್ಯೋಗ ಪುಟದಲ್ಲಿ ಅರಣ್ಯ ಇಲಾಖೆಗೆ ಸೇರುವುದು ಹೇಗೆ ಅಂತ ಒಂದು ಲೇಖನ ಬಂದಿತ್ತಲ್ಲ, ಅದರ ಬಗ್ಗೆ ಈ ಪತ್ರ. ಲೇಖನ ಚೆನ್ನಾಗಿತ್ತು, ಬೈಯಲು ಬರೆಯುತ್ತಿಲ್ಲ. ಆದರೆ ಅದು ಪೂರ್ತಿ ಕರ್ನಾಟಕದ ಲೆಕ್ಕ. ನಾನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ಜೆರಾಕ್ಸ್ ತೆಗೆದು, ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಸಣ್ಣ ಅಂಗಡಿ ಇಟ್ಟುಕೊಂಡವನು. ಆ ಪುಟವನ್ನು ಕತ್ತರಿಸಿ, ಮಡಚಿ, ಮೊಬೈಲ್ ಕವರಿನ ಒಳಗೆ ಇಟ್ಟುಕೊಂಡು ಹುಡುಗರು ಬಂದರು. "ಅಣ್ಣಾ, ರೇಂಜರ್ ಆಗ್ಲಿಕ್ಕೆ ಇದು ಹಾಕ್ಬೇಕಂತೆ, ಒಮ್ಮೆ ನೋಡಿ." ಎಂತ ನೋಡುವುದು? ಅದರಲ್ಲಿದ್ದ ವೆಬ್‌ಸೈಟ್ ಬೆಂಗಳೂರಿನದ್ದು, ಹುದ್ದೆ ಅಲ್ಲಿಯದ್ದು, ಎದೆ ಅಳತೆ ಕೂಡ ಅಲ್ಲಿಯದ್ದೇ. ಓದುವುದು ಕನ್ನಡ ಪತ್ರಿಕೆ, ರೇಷನ್ ಕಾರ್ಡ್ ಕೇರಳದ್ದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮದು ಇದೇ ಪಾಡು ಬಿಡಿ.

ಕರ್ನಾಟಕದಲ್ಲಿ ಗಸ್ತು ಅರಣ್ಯ ಪಾಲಕರನ್ನು ಅರಣ್ಯ ಇಲಾಖೆಯೇ ತೆಗೆದುಕೊಳ್ಳುತ್ತದೆ. ಕೇರಳದಲ್ಲಿ ಹಾಗಲ್ಲ, ಪಿಎಸ್‌ಸಿ, ಅಂದರೆ ಕೇರಳ ಲೋಕಸೇವಾ ಆಯೋಗದ ಮೂಲಕವೇ ಹೋಗಬೇಕು. ಇಲ್ಲಿ ಕಾಡಿನ ಕೆಲಸಕ್ಕೆ ಮೊದಲ ಮೆಟ್ಟಿಲು ಬೀಟ್ ಫಾರೆಸ್ಟ್ ಆಫೀಸರ್, ಹಿಂದೆ ಫಾರೆಸ್ಟ್ ಗಾರ್ಡ್ ಅಂತಿದ್ದರಲ್ಲ, ಅದೇ. ಅದರ ಮೇಲೆ ಸೆಕ್ಷನ್ ಆಫೀಸರ್, ಡೆಪ್ಯೂಟಿ ರೇಂಜ್ ಆಫೀಸರ್, ಆಮೇಲೆ ರೇಂಜ್ ಆಫೀಸರ್. ನಮ್ಮ ಹುಡುಗರು ಕಾಕಿ ಹಾಕಿದವರನ್ನೆಲ್ಲ ರೇಂಜರ್ ಅಂತಲೇ ಕರೆಯುವುದರಿಂದ ಯಾವುದಕ್ಕೆ ಅರ್ಜಿ ಹಾಕಬೇಕು ಎಂಬಲ್ಲೇ ಮೊದಲ ಗೊಂದಲ. ಬೀಟ್ ಆಫೀಸರಿಗೆ ಪ್ಲಸ್ ಟು ಪಾಸಾಗಿದ್ದರೆ ಸಾಕು. ಪ್ರಾಯ 19ರಿಂದ 30, ಹಿಂದುಳಿದ ವರ್ಗದವರಿಗೆ, ಪರಿಶಿಷ್ಟರಿಗೆ ಸ್ವಲ್ಪ ಸಡಿಲಿಕೆ ಇದೆ. ನೇರವಾಗಿ ರೇಂಜ್ ಆಫೀಸರ್ ಆಗಬೇಕಾದರೆ ವಿಜ್ಞಾನದಂಥ ನಿಗದಿತ ವಿಷಯದಲ್ಲಿ ಡಿಗ್ರಿ ಬೇಕು.

ಪಿಎಸ್‌ಸಿಯಲ್ಲಿ ಅರ್ಜಿಗೆ ದುಡ್ಡಿಲ್ಲ. ಮೊದಲು 'ತುಳಸಿ' ಅನ್ನುವ ಸೈಟಿನಲ್ಲಿ ಒಮ್ಮೆ ನೋಂದಣಿ ಮಾಡಿಕೊಂಡರೆ, ಆಮೇಲೆ ಎಲ್ಲ ಹುದ್ದೆಗೂ ಆ ಪ್ರೊಫೈಲಿನಿಂದಲೇ ಅರ್ಜಿ ಹಾಕಬಹುದು. ಇಷ್ಟು ಸುಲಭ ಇದ್ದರೂ ಬೀಳುವವರು ಇಲ್ಲೇ ಬೀಳುತ್ತಾರೆ. ಫೋಟೊದ ಕೆಳಗೆ ಹೆಸರು ಮತ್ತು ಫೋಟೊ ತೆಗೆದ ದಿನಾಂಕ ಇರಬೇಕು, ಮದುವೆಗೆ ಹೋಗಿದ್ದಾಗ ತೆಗೆದ ಸೆಲ್ಫಿ ಕತ್ತರಿಸಿ ತಂದರೆ ಆಗುವುದಿಲ್ಲ. ಅದಕ್ಕಿಂತ ದೊಡ್ಡ ಗುಂಡಿ ಕನ್ಫರ್ಮೇಶನ್. ಅರ್ಜಿ ಹಾಕಿ ತಿಂಗಳುಗಟ್ಟಲೆ ಆದ ಮೇಲೆ, ನೀವು ಪರೀಕ್ಷೆ ಬರೆಯುತ್ತೀರಾ ಅಂತ ಪ್ರೊಫೈಲಿನಲ್ಲಿ ಕೇಳುತ್ತಾರೆ. ಹೇಳಿದ ದಿನದೊಳಗೆ ಹೌದು ಅಂತ ಒತ್ತದಿದ್ದರೆ ಹಾಲ್ ಟಿಕೆಟ್ ಇಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬೇಕು ಅಂತ ಆರಿಸುವುದೂ ಆಗಲೇ. ಪಾಸ್‌ವರ್ಡ್ ಮರೆತು, ಹಳೇ ಸಿಮ್ ಬಿಸಾಡಿ, ಕೊನೆಯ ದಿನ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಓಡಿ ಬರುವವರನ್ನು ನೋಡಿ ನೋಡಿ ಸಾಕಾಗಿದೆ. ಸೈಟು ಆ ಹೊತ್ತಿಗೆ ತಿರುಗುತ್ತಲೇ ಇರುತ್ತದೆ.

ಇನ್ನು ಓದುವ ವಿಷಯ. ಮಂಗಳೂರಿಗೆ ಹೋಗಿ ದಪ್ಪದ ಗೈಡ್ ತರುತ್ತಾರೆ. ಎರಡು ರಾಜ್ಯದ್ದೂ ಕೆಪಿಎಸ್‌ಸಿಯೇ ಆದ್ದರಿಂದ ಅಂಗಡಿಯವನಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕದಂಬರು, ಹೊಯ್ಸಳರು, ಆಲಮಟ್ಟಿ ಅಣೆಕಟ್ಟು ಎಲ್ಲ ಬಾಯಿಪಾಠ ಮಾಡಿ ಪರೀಕ್ಷೆಗೆ ಹೋದರೆ ಅಲ್ಲಿ ಕೇಳುವುದು ಶ್ರೀನಾರಾಯಣ ಗುರುಗಳ ಬಗ್ಗೆ, ಸಮಾಜ ಸುಧಾರಕ ಅಯ್ಯಂಕಾಳಿ ಬಗ್ಗೆ, 1924ರ ವೈಕಂ ಸತ್ಯಾಗ್ರಹದ ಬಗ್ಗೆ, ನಮ್ಮದೇ ಜಿಲ್ಲೆಯ ಕಯ್ಯೂರಿನ ರೈತ ಹೋರಾಟದ ಬಗ್ಗೆ. ಗೈಡಿಗೆ ಕೊಡುವ ದುಡ್ಡು ಉಳಿಸಿ ಅಂತ ನಾನು ಹೇಳುವುದು. ಕೇರಳದ ಎಸ್‌ಸಿಇಆರ್‌ಟಿ ಪಠ್ಯಪುಸ್ತಕಗಳು ಕನ್ನಡದಲ್ಲೇ ಇವೆ, ನಮ್ಮ ಮಕ್ಕಳು ಶಾಲೆಯಲ್ಲಿ ಓದಿದ್ದೇ ಅದನ್ನು. ಐದರಿಂದ ಹತ್ತರವರೆಗಿನ ಸಮಾಜ ಮತ್ತು ವಿಜ್ಞಾನ ಮತ್ತೊಮ್ಮೆ ಸರಿಯಾಗಿ ಓದಿದರೆ ಅರ್ಧ ಕೆಲಸ ಮುಗಿಯಿತು. ಅಟ್ಟದಲ್ಲಿ ಇಲ್ಲದಿದ್ದರೆ 'ಸಮಗ್ರ' ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1961ರ ಕೇರಳ ಅರಣ್ಯ ಕಾಯ್ದೆ ಏನು ಹೇಳುತ್ತವೆ ಅಂತ ಸ್ವಲ್ಪ ನೋಡಿಕೊಳ್ಳಬೇಕು. ವನ್ಯಜೀವಿ ಕಾಯ್ದೆಯ ಪಟ್ಟಿಗಳನ್ನು 2022ರ ತಿದ್ದುಪಡಿಯಲ್ಲಿ ಆರರಿಂದ ನಾಲ್ಕಕ್ಕೆ ಇಳಿಸಿದ್ದಾರೆ. ಹಳೇ ಗೈಡಿನಲ್ಲಿ ಇನ್ನೂ ಆರೇ ಇರುತ್ತದೆ, ಜಾಗ್ರತೆ.

ಓದಿನಲ್ಲಿ ನಮ್ಮವರು ಹೇಗೋ ದಾಟುತ್ತಾರೆ. ನಿಜವಾಗಿ ಕೈಕೊಡುವುದು ಮೈದಾನದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಎಲ್ಲೂ ಸರಿಯಾಗಿ ಬರೆದದ್ದು ನಾನು ನೋಡಿಲ್ಲ.

ಗಂಡಸರಿಗೆ ಎತ್ತರ 168 ಸೆಂಟಿಮೀಟರ್, ಎದೆ 81, ಉಸಿರು ತುಂಬಿದಾಗ ಇನ್ನೂ 5 ಸೆಂಟಿಮೀಟರ್ ಅಗಲ ಆಗಬೇಕು. ಹೆಂಗಸರಿಗೆ ಎತ್ತರ 157. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರಲ್ಲೂ ರಿಯಾಯಿತಿ ಇದೆ. ಎತ್ತರ ನಮ್ಮ ಕೈಯಲ್ಲಿಲ್ಲ, ಸರಿ. ಆದರೆ ಆ 5 ಸೆಂಟಿಮೀಟರ್ ಅಭ್ಯಾಸದ ವಿಷಯ. ಟೇಪ್ ಸುತ್ತಿದ ಕೂಡಲೇ ಹೆದರಿ ಹೊಟ್ಟೆ ಉಬ್ಬಿಸಿದರೆ ಎದೆ ಅಗಲ ಆಗುವುದಿಲ್ಲ. ಮನೆಯಲ್ಲೇ ಅಮ್ಮನ ಹೊಲಿಗೆ ಟೇಪ್ ಹಿಡಿದು ಅಭ್ಯಾಸ ಮಾಡಿ ನೋಡಬಹುದು, ಖರ್ಚೇನಿಲ್ಲ.

ಆಮೇಲೆ 2 ಕಿಲೋಮೀಟರ್ ಓಟ. ಗಂಡಸರಿಗೆ 13 ನಿಮಿಷ, ಹೆಂಗಸರಿಗೆ 15. ಅದರ ಜೊತೆಗೆ ಎಂಟು ಐಟಂಗಳಲ್ಲಿ ಯಾವುದಾದರೂ ಐದನ್ನು ಪಾಸ್ ಆಗಬೇಕು. ಹುಡುಗರಿಗೆ 100 ಮೀಟರ್ 14 ಸೆಕೆಂಡಿನಲ್ಲಿ, 1500 ಮೀಟರ್ 5 ನಿಮಿಷ 44 ಸೆಕೆಂಡಿನಲ್ಲಿ, ಎತ್ತರ ಜಿಗಿತ 132.20 ಸೆಂಟಿಮೀಟರ್, ಉದ್ದ ಜಿಗಿತ 457.20, ಗುಂಡೆಸೆತ 609.60, ಕ್ರಿಕೆಟ್ ಬಾಲ್ ಎಸೆತ 60.96 ಮೀಟರ್, ಕಂಬಿಗೆ ನೇತು ಮೈ ಎತ್ತುವುದು 8 ಸಲ, ಮತ್ತೆ ಹಗ್ಗ ಹತ್ತುವುದು 365.80 ಸೆಂಟಿಮೀಟರ್. ಹುಡುಗಿಯರ ಪಟ್ಟಿ ಬೇರೆ, ಅದರಲ್ಲಿ ಹಗ್ಗ ಇಲ್ಲ, 200 ಮೀಟರ್ ಓಟ, ಶಟಲ್ ಓಟ ಇವೆ.

ಹಗ್ಗ ಅಂದ ಕೂಡಲೇ ನಮ್ಮ ಹುಡುಗರು ನಗುತ್ತಾರೆ. ಅಡಿಕೆ ಮರದ ತುದಿಗೆ ಹೋಗಿ, ಅಲ್ಲಿಂದ ಮರ ಬಾಗಿಸಿ ಇನ್ನೊಂದು ಮರಕ್ಕೆ ದಾಟುವವರು ಇವರು, ಹನ್ನೆರಡು ಅಡಿ ಹಗ್ಗ ಯಾವ ಮಹಾ! ಆದರೆ ಅಡಿಕೆ ಮರ ಹತ್ತುವಾಗ ದುಡಿಯುವುದು ಕಾಲು. ಪಾದಕ್ಕೆ ತಳೆ, ಅಂದರೆ ಹಗ್ಗದ ಬಳೆ ಹಾಕಿ, ಎರಡು ಪಾದದ ನಡುವೆ ಮರವನ್ನು ಒತ್ತಿ ಹಿಡಿದು, ಮೈಭಾರವನ್ನು ತಳೆಯ ಮೇಲೆ ಬಿಟ್ಟು, ಕೈಯನ್ನು ಸುಮ್ನೆ ಮೇಲಕ್ಕೆ ಸರಿಸುತ್ತಾ ಹೋಗುತ್ತಾರೆ. ಪರೀಕ್ಷೆಯಲ್ಲಿ ಕಾಲಿಗೆ ಕೆಲಸವೇ ಇಲ್ಲ, ಬರೀ ಕೈ. ಮೈಭಾರ ಪೂರ್ತಿ ಬೆರಳು, ಮುಂಗೈ, ಭುಜಕ್ಕೆ ಬರುತ್ತದೆ. ಹದಿನೈದು ವರ್ಷದಿಂದ ಮರ ಹತ್ತುವವನೂ ನಾಲ್ಕು ಹಿಡಿತ ಹೋಗುವಾಗ ಅಭ್ಯಾಸದಿಂದ ಕಾಲನ್ನು ಹಗ್ಗಕ್ಕೆ ಸುತ್ತಿಬಿಡುತ್ತಾನೆ, ಅಲ್ಲಿಗೆ ಮುಗಿಯಿತು. ತೋಟದ ಹಲಸಿನ ಮರಕ್ಕೆ ಹಗ್ಗ ಕಟ್ಟಿ, ಕಾಲು ಮಡಚಿಕೊಂಡು ಹತ್ತಲು ಕಲಿಯಬೇಕು.

ಬಾಲ್ ಎಸೆತವೂ ಹಾಗೆಯೇ. ಊರಲ್ಲಿ ಆಡುವುದು ಟೆನಿಸ್ ಬಾಲ್, ಅದರಲ್ಲೂ ಅಂಡರ್ ಆರ್ಮ್ ಟೂರ್ನಮೆಂಟ್ ಜಾಸ್ತಿ. ಪರೀಕ್ಷೆಯ ದಿನ ಮೊದಲ ಸಲ ಲೆದರ್ ಬಾಲ್ ಕೈಗೆತ್ತಿಕೊಂಡು ಜೋರಾಗಿ ಎಸೆದು ಭುಜ ಉಳುಕಿಸಿಕೊಂಡವರಿದ್ದಾರೆ. ಉದ್ದ ಜಿಗಿತಕ್ಕೆ ಮರಳಿನ ಗುಂಡಿ ಬೇಕು. ನಮ್ಮ ಕಡೆಯ ಹೆಚ್ಚಿನ ಮೈದಾನ ಮುರಕಲ್ಲು, ಅದರ ಮೇಲೆ ಹಾರಿದರೆ ಹಿಮ್ಮಡಿ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಓಡುವ ಮಾತೇ ಇಲ್ಲ. ಹಾಗಾಗಿ ನೋಟಿಫಿಕೇಶನ್ ಬರಲಿ, ಆಮೇಲೆ ತಯಾರಿ ಅಂದುಕೊಂಡು ಕೂತವರಿಗೆ ಸಿಗುವುದು ಚೂರೇ ಸಮಯ. ಲಿಖಿತ ಪರೀಕ್ಷೆ ಪಾಸಾಗಿ, ಆಮೇಲೆ ಎರಡು ತಿಂಗಳು ಬೆಳಗ್ಗೆ ಎದ್ದು ಓಡಿ ಕೆಲಸ ಹಿಡಿಯುತ್ತೇನೆ ಅನ್ನುವುದು ಬರೀ ಭ್ರಮೆ. ಕಣ್ಣಿನ ಪರೀಕ್ಷೆಯೂ ಇದೆ, ಕನ್ನಡಕ ಇಲ್ಲದೆ ಸರಿಯಾಗಿ ಕಾಣಬೇಕು. ಬಣ್ಣ ಗುರುತಿಸಲು ಕಷ್ಟ ಇರುವವರು ಮೊದಲೇ ಡಾಕ್ಟರಿಗೆ ತೋರಿಸಿಕೊಂಡರೆ ಒಳ್ಳೆಯದು, ಇಷ್ಟೆಲ್ಲ ಓಡಿದ ಮೇಲೆ ಅದು ಗೊತ್ತಾದರೆ ಬೇಜಾರು ಅಲ್ವಾ?

ಈಗ ಕೆಲವರಿಗೆ ಇಷ್ಟವಾಗದ ಒಂದು ಮಾತು. ಮಲಯಾಳಂ ಬರೆಯಲು ಕಲಿಯಿರಿ. ಮಾತಾಡಲು ನಮ್ಮ ಹುಡುಗರಿಗೆ ಬರುತ್ತದೆ, ಸಿನಿಮಾ ನೋಡಿಯೇ ಬರುತ್ತದೆ. ಬರೆಯಲು ಬರುವುದಿಲ್ಲ. ಬೀಟ್ ಆಫೀಸರಿನ ಅರ್ಧ ಕೆಲಸ ಕಾಗದದ್ದು. ಮೀಸಲು ಅರಣ್ಯದಲ್ಲಿ ಒಂದು ಮರ ಕಡಿದಿದ್ದಾರೆ ಅಂತಿಟ್ಟುಕೊಳ್ಳಿ. ಬುಡದ ಸುತ್ತಳತೆ ತೆಗೆಯಬೇಕು, ಜಾಗದ ನಾಲ್ಕು ಗಡಿ ಹೇಳಬೇಕು, ದಾರಿಯಿಂದ ಎಷ್ಟು ದೂರ, ತುಂಡುಗಳು ಎಷ್ಟು, ಯಾವ ಸ್ಥಿತಿಯಲ್ಲಿ ಸಿಕ್ಕಿತು, ಸಾಕ್ಷಿಗಳು ಯಾರು, ಎಲ್ಲ ಬರೆದು ಅಲ್ಲೇ ಸಹಿ ಹಾಕಿಸಬೇಕು. ಆ ಮಹಜರು ಕೋರ್ಟಿಗೆ ಹೋಗುತ್ತದೆ. ಒಂದು ಸಾಲು ಅಡ್ಡಾದಿಡ್ಡಿ ಆದರೆ ಕಳ್ಳ ನಗುತ್ತಾ ಹೊರಗೆ ಬರುತ್ತಾನೆ. ಕನ್ನಡದ ಹಕ್ಕಿಗಾಗಿ ನಾನೂ ಮೆರವಣಿಗೆಗೆ ಹೋದವನೇ, ಮುಂದೆಯೂ ಹೋಗುತ್ತೇನೆ. ಆದರೆ ಇಪ್ಪತ್ತರ ಹುಡುಗನಿಗೆ ಎರಡು ಲಿಪಿ ಬಂದರೆ ಕನ್ನಡಕ್ಕೆ ಏನೂ ನಷ್ಟ ಇಲ್ಲ, ಅವನ ಸಂಬಳಕ್ಕೆ ಲಾಭ ಇದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆ ಆನೆ ಬರುವುದು ನಿಮ್ಮ ಓದುಗರಿಗೆ ಗೊತ್ತೇ ಇದೆ. ರಾತ್ರಿ ತೋಟಕ್ಕೆ ಆನೆ ನುಗ್ಗಿದಾಗ ಫೋನ್ ಮಾಡುವ ಅಜ್ಜ ಕನ್ನಡದಲ್ಲೋ ತುಳುವಿನಲ್ಲೋ ಮರಾಟಿಯಲ್ಲೋ ಹೇಳುತ್ತಾರೆ, "ಕೆಳಗಿನ ಬೈಲಿಂದ ತೋಡು ದಾಟಿ ನಮ್ಮ ಕಟ್ಟದ ಹತ್ತಿರ ನಿಂತಿದೆ, ಗುಡ್ಡೆ ಕಡೆ ಅಟ್ಟಬೇಡಿ, ಅಲ್ಲಿ ಮನೆ ಉಂಟು" ಅಂತ. ಕೊಲ್ಲಂ ಕಡೆಯಿಂದ ಹೊಸದಾಗಿ ಬಂದ ಆಫೀಸರಿಗೆ ಬೈಲು ಅಂದರೆ ತಗ್ಗಿನ ಗದ್ದೆ-ತೋಟ ಅಂತಲೂ ಗೊತ್ತಿಲ್ಲ, ಕಟ್ಟ ಅಂದರೆ ತೋಡಿಗೆ ಅಡ್ಡ ಹಾಕುವ ಒಡ್ಡು ಅಂತಲೂ ಗೊತ್ತಿಲ್ಲ. ಅವರ ತಪ್ಪಲ್ಲ, ಪಾಪ. ನಮ್ಮ ಗುಡ್ಡೆಗಳಲ್ಲಿ ನೀರಿಗಾಗಿ ಕೊರೆದ ಸುರಂಗಗಳಿವೆ, ಕೊಳತ್ತೂರು ಕಡೆ ಚಿರತೆ ಹೋಗಿ ಸೇರಿಕೊಂಡದ್ದು ಅಂಥದ್ದೇ ಒಂದರ ಒಳಗೆ. ಯಾವ ಗುಡ್ಡೆಯಲ್ಲಿ ಸುರಂಗ ಇದೆ, ಅದು ಎಷ್ಟು ಒಳಗೆ ಹೋಗುತ್ತದೆ ಅಂತ ಊರಲ್ಲಿ ಬೆಳೆದವನಿಗೆ ಮಾತ್ರ ಗೊತ್ತಿರುತ್ತದೆ. ಈ ಗಡಿಯ ಸ್ಟೇಷನ್‌ಗಳಲ್ಲಿ ಕನ್ನಡ, ತುಳು ಗೊತ್ತಿರುವ ಒಬ್ಬರಾದರೂ ಇರಲೇಬೇಕು ಅಂತ ನಾವು ಕೇಳುವುದು ನ್ಯಾಯ. ಆದರೆ ಪರೀಕ್ಷೆ ಬರೆಯುವವರೇ ಇಲ್ಲದಿದ್ದರೆ ಸರ್ಕಾರ ಯಾರನ್ನು ಹಾಕುವುದು?

ಕೆಲಸದ ಬಗ್ಗೆಯೂ ನಿಮ್ಮ ಲೇಖನ ಸ್ವಲ್ಪ ಬಣ್ಣ ಜಾಸ್ತಿ ಹಚ್ಚಿತ್ತು. ಜೀಪು, ಬೈನಾಕ್ಯುಲರ್, ಹುಲಿ ಫೋಟೊ. ಅದೆಲ್ಲ ಬಂಡೀಪುರ, ನಾಗರಹೊಳೆಯ ಚಿತ್ರ. ನಮ್ಮ ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನವೂ ಇಲ್ಲ, ಅಭಯಾರಣ್ಯವೂ ಇಲ್ಲ, ಇರುವುದು ಮೀಸಲು ಅರಣ್ಯ. ನಮ್ಮ ರಾಣಿಪುರ ಗುಡ್ಡೆಯ ಆಚೆ ತಲಕಾವೇರಿ ಅಭಯಾರಣ್ಯ ಶುರುವಾಗುತ್ತದೆ, ಅದು ಕೊಡಗಿನದ್ದು. ಇಲ್ಲಿ ಬೀಟ್ ಆಫೀಸರ್ ಅಂದರೆ ಬೇಸಗೆಯಲ್ಲಿ ಬೆಂಕಿ ಹರಡದಂತೆ ತರಗೆಲೆ ಗುಡಿಸಿ ದಾರಿ ಮಾಡಿಸುವುದು, ಸೌರ ಬೇಲಿಯ ತಂತಿಗೆ ಬಳ್ಳಿ ಹಬ್ಬಿದೆಯಾ ನೋಡುವುದು, ಬೆಳೆ ಹಾನಿಯ ಅರ್ಜಿ ಹಿಡಿದು ಬಿದ್ದ ಬಾಳೆ, ಅಡಿಕೆ ಎಣಿಸುವುದು, ಪರಿಹಾರ ಯಾಕೆ ಬಂದಿಲ್ಲ ಅಂತ ಊರವರ ಬೈಗುಳ ತಿನ್ನುವುದು. ಓಣಂ, ದೀಪಾವಳಿಗೆ ರಜೆ ಸಿಕ್ಕರೆ ಪುಣ್ಯ. ರೀಲ್ಸ್ ನೋಡಿ ಈ ಕೆಲಸ ಬೇಕು ಅನ್ನುವವರಿಗೆ ಇದನ್ನೆಲ್ಲ ಮೊದಲೇ ಹೇಳಬೇಕು. ಕೇಳಿದ ಮೇಲೂ ಬೇಕು ಅನ್ನುವವನು ಗಟ್ಟಿ ಆಸಾಮಿ.

ಹುಡುಗಿಯರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. 2025ರಲ್ಲಿ ತಿರುವನಂತಪುರ ಕಡೆ ಹಳ್ಳದಲ್ಲಿದ್ದ ಕಾಳಿಂಗ ಸರ್ಪವನ್ನು ಹಿಡಿದ ಜಿ.ಎಸ್. ರೋಶ್ನಿ ಅವರ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಅವರು ಇದೇ ಬೀಟ್ ಫಾರೆಸ್ಟ್ ಆಫೀಸರ್. ಆ ವಿಡಿಯೊ ನೋಡಿ ಅಪ್ಪನನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದ ಹುಡುಗಿಯರಿದ್ದಾರೆ. ಅಪ್ಪಂದಿರು ಮೊದಲು ಕೇಳುವುದು "ರಾತ್ರಿ ಡ್ಯೂಟಿ ಉಂಟಾ?" ಅಂತ. ಉಂಟು, ಸುಳ್ಳು ಹೇಳುವುದು ಯಾಕೆ. ನರ್ಸ್ ಕೆಲಸದಲ್ಲೂ ಉಂಟಲ್ಲ ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಕೆಲಸ ಸಿಗುವ ಮೊದಲೇ ಕಾಡಿನ ಪರಿಚಯ ಮಾಡಿಕೊಳ್ಳಲು ನಮ್ಮ ಊರಲ್ಲೇ ಬೇಕಾದಷ್ಟು ದಾರಿ ಇದೆ. ಹಾವು ಹಿಡಿಯಲು ಇಲಾಖೆಯೇ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಡುತ್ತದೆ, ಸರ್ಟಿಫಿಕೇಟ್ ಪಡೆದವರೆಲ್ಲ ಇಲಾಖೆಯ 'ಸರ್ಪ' ಆ್ಯಪಿನಲ್ಲಿ ಇರುತ್ತಾರೆ. ತರಬೇತಿ ಇಲ್ಲದೆ ಕೈ ಹಾಕುವ ಶೋಕಿ ಮಾತ್ರ ಬೇಡ. ಚಂದ್ರಗಿರಿ ಹೊಳೆಯಲ್ಲಿ ಇರುವ ದೊಡ್ಡ ಮೆದುಚಿಪ್ಪಿನ ಆಮೆಯ ಮೊಟ್ಟೆ ಕಾಯುವ ಕೆಲಸದಲ್ಲಿ ಊರವರೂ ಸೇರಿದ್ದಾರೆ. 2023ರಲ್ಲಿ ಜಿಲ್ಲೆಗೇ ಅಂತ ಒಂದು ಮರ, ಹಕ್ಕಿ, ಹೂವು, ಪ್ರಾಣಿ ಆರಿಸಿದಾಗ ಪ್ರಾಣಿಯಾಗಿ ಆರಿಸಿದ್ದು ಈ ಆಮೆಯನ್ನೇ. ಮರ ಕಾಸರಕ, ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು, ಹೂವು ಪೆರಿಯದ ಕಡೆ ನೀರಲ್ಲಿ ಅರಳುವ ಒಂದು ಬಿಳಿ ಹೂ. ಇದನ್ನು ಪರೀಕ್ಷೆಯಲ್ಲೂ ಕೇಳಬಹುದು. ಫಾರೆಸ್ಟ್ ವಾಚರ್‌ಗಳ ಜೊತೆ ನಡೆದರೆ ಇನ್ನೂ ಒಳ್ಳೆಯದು. ಆನೆ ಲದ್ದಿ ಇವತ್ತಿನದ್ದಾ ನಿನ್ನೆಯದ್ದಾ, ಕಾಲ ಗುರುತು ಮರಿಯದ್ದಾ ಅಂತ ನೋಡಿದ ಕೂಡಲೇ ಹೇಳುವವರು ಅವರಲ್ಲಿದ್ದಾರೆ, ಹೆಚ್ಚಿನವರು ದಿನಗೂಲಿಯವರು. ಕೇರಳ ಸರ್ಕಾರ ಕಾಡಂಚಿನ ಬುಡಕಟ್ಟು ಜನರಿಂದಲೇ 500 ಬೀಟ್ ಆಫೀಸರ್‌ಗಳನ್ನು ವಿಶೇಷ ನೇಮಕಾತಿಯಲ್ಲಿ ತೆಗೆದುಕೊಂಡದ್ದು ಇದಕ್ಕೇ. ನಮ್ಮ ಕೊರಗ, ಮಾವಿಲ, ಮಲವೆಟ್ಟುವ ಮಕ್ಕಳಿಗೆ ಇಂಥ ಸುದ್ದಿ ಸರಿಯಾದ ಹೊತ್ತಿಗೆ ಮುಟ್ಟಬೇಕು.

ಇನ್ನೂ ಮೇಲಕ್ಕೆ ನೋಡುವವರಿಗೆ ಬಿ.ಎಸ್ಸಿ. ಫಾರೆಸ್ಟ್ರಿ ಇದೆ. ತ್ರಿಶೂರಿನ ವೆಳ್ಳಾನಿಕ್ಕರದಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಕಾಲೇಜು, ಕರ್ನಾಟಕದಲ್ಲಿ ಪೊನ್ನಂಪೇಟೆ ಮತ್ತು ಶಿರಸಿ. ಕನ್ನಡ, ತುಳು ಮನೆಮಾತಿನ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನವರಿಗೆ ಗಡಿನಾಡ ಕನ್ನಡಿಗರ ಲೆಕ್ಕದಲ್ಲಿ ಕರ್ನಾಟಕದ ಸಿಇಟಿ ಬರೆಯುವ ಅವಕಾಶ ಇದೆ, ಕನ್ನಡ ಪರೀಕ್ಷೆಯೊಂದನ್ನು ದಾಟಬೇಕು. ಇದು ನಮ್ಮ ಎಷ್ಟೋ ಮಾಷ್ಟ್ರುಗಳಿಗೇ ಗೊತ್ತಿಲ್ಲ. ಐಎಫ್‌ಎಸ್, ಅಂದರೆ ಭಾರತೀಯ ಅರಣ್ಯ ಸೇವೆಯ ಕನಸು ಇದ್ದವರು ಯುಪಿಎಸ್‌ಸಿ ಬರೆಯಬೇಕು, ಅದರಲ್ಲಿ ನಾಲ್ಕು ಗಂಟೆಯಲ್ಲಿ ಗಂಡಸರು 25, ಹೆಂಗಸರು 14 ಕಿಲೋಮೀಟರ್ ನಡೆಯಬೇಕು. ನಡೆಯುವುದರಲ್ಲಿ ಆದರೂ ನಮ್ಮ ಗುಡ್ಡೆಯ ಮಕ್ಕಳು ಸೋಲಲಿಕ್ಕಿಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ಸರ್ಕಾರಿ ಕೆಲಸದ ಬಗ್ಗೆ ಬರೆಯುವಾಗ ಕರ್ನಾಟಕದ ವಿವರದ ಪಕ್ಕ ಕೇರಳದ್ದನ್ನೂ ಒಂದು ಬಾಕ್ಸ್ ಹಾಕಿ. ಕಾಸರಗೋಡಿನ ಆವೃತ್ತಿಯಲ್ಲಿ ಮಾತ್ರ ಹಾಕಿದರೂ ಸಾಕು. ಅದೂ ಕೊನೆಯ ದಿನಾಂಕ ಕಳೆದ ಮೇಲೆ ಅಲ್ಲ, ಪಿಎಸ್‌ಸಿ ಕೊನೆಯ ದಿನ ಸಾಮಾನ್ಯವಾಗಿ ಬುಧವಾರ ರಾತ್ರಿ 12 ಗಂಟೆ, ಅದಕ್ಕಿಂತ ಮೊದಲಿನ ಭಾನುವಾರ ಹಾಕಿದರೆ ಹುಡುಗರಿಗೆ ಎರಡು ಮೂರು ದಿನ ಸಿಗುತ್ತದೆ. ಕನ್ಫರ್ಮೇಶನ್ ಕೊಡುವ ದಿನಗಳನ್ನೂ ನೆನಪಿಸಿ. ಶಾಲೆಯವರಲ್ಲಿ ಒಂದು ಮಾತು, ಬೆಳಗ್ಗೆ ಆರರಿಂದ ಎಂಟರವರೆಗೆ ಮೈದಾನದ ಗೇಟ್ ತೆರೆದಿಡಿ, ಒಂದು ಲೋಡ್ ಮರಳು ಹಾಕಿಸಿ. ಹಳೆ ವಿದ್ಯಾರ್ಥಿ ಸಂಘಗಳು ಕಮಾನು ಕಟ್ಟಿಸುವ ದುಡ್ಡಿನಲ್ಲಿ ಮರಳು, ಹಗ್ಗ, ಕಂಬಿ ಎಲ್ಲ ಬರುತ್ತದೆ.

ನಿಮ್ಮಲ್ಲಿ ಬಾಕ್ಸ್ ಬರೆಯಲು ಜನ ಇಲ್ಲದಿದ್ದರೆ ಹೇಳಿ. ನೋಟಿಫಿಕೇಶನ್ ಬಂದ ದಿನವೇ ಕನ್ನಡದಲ್ಲಿ ಬರೆದು ಕಳಿಸುತ್ತೇನೆ, ದುಡ್ಡು ಬೇಡ.

ಇತಿ,
ಮುಳ್ಳೇರಿಯ ಕಡೆಯ ಒಬ್ಬ ಓದುಗ